ಹೊರದೇಶದ ಅನಾಥಾಶ್ರಮದಿಂದ ಮಗು ತರಬಹುದಾ? ದಾರಿ ಇದೆ, ಸುಲಭ ಇಲ್ಲ

ವಜ್ರಳ್ಳಿ: ಹೊರದೇಶದವರು ನಮ್ಮ ಮಕ್ಕಳನ್ನು ದತ್ತು ತಗೊಂಡು ಹೋಗೋದು ಗೊತ್ತು. ನಮ್ಮೂರಿನ ದಂಪತಿ ಅಲ್ಲಿಂದ ಮಗು ತರಬಹುದಾ? ತರಬಹುದು. ಆದರೆ ಆಶ್ರಮಕ್ಕೆ ದುಡ್ಡು ಕಟ್ಟಿ, ಮಗು ಕರ್ಕೊಂಡು ವಿಮಾನ ಹತ್ತೋಕೆ ಆಗಲ್ಲ.

ದತ್ತು ಆಗಬೇಕಾದ್ದು ಆ ದೇಶದ ಕಾನೂನಿನ ಪ್ರಕಾರ. ಇಲ್ಲಿ ದೆಹಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ 'ಕಾರಾ' ಒಪ್ಪಬೇಕು. ಅದಕ್ಕೆ ದಂಪತಿಯ ಮನೆ ಅಧ್ಯಯನ ವರದಿ ಬೇಕು. ಆದಾಯ, ಆರೋಗ್ಯ, ಮನೆಯವರ ಮನಸ್ಸು ಎಲ್ಲ ನೋಡ್ತಾರೆ. ಮಗುವಿನ ಹಿನ್ನೆಲೆ ಮತ್ತು ವೈದ್ಯಕೀಯ ವರದಿ ಅಲ್ಲಿಂದ ಬರಬೇಕು. ಪಾಸ್‌ಪೋರ್ಟ್ ಆ ದೇಶದ್ದಾದರೆ ಮಗುವಿಗೆ ಭಾರತದ ವೀಸಾ ಬೇಕು.

ಇಷ್ಟು ಬಿಗಿ ಯಾಕೆ? ಮಕ್ಕಳನ್ನು ಹೊರದೇಶಕ್ಕೆ ದತ್ತು ಕೊಡುವ ಸಂಸ್ಥೆಗಳಲ್ಲಿ ಅಕ್ರಮ ನಡೆಯುತ್ತಿದೆ ಎಂದು 1982ರಲ್ಲಿ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದಿದ್ದರು. 1984ರ ತೀರ್ಪಿನಿಂದ ನಿಯಮ ಶುರುವಾಯಿತು. 2003ರಲ್ಲಿ ಭಾರತ ಹೇಗ್ ದತ್ತು ಒಪ್ಪಂದವನ್ನೂ ಒಪ್ಪಿಕೊಂಡಿತು.

ಇಲ್ಲಿನದೇ ಮಗು ಸಾಕು ಅನ್ನೋರು ಕಾರಾ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು. 2022ರಿಂದ ದತ್ತು ಆದೇಶ ಕೊಡೋದು ಕೋರ್ಟಲ್ಲ, ಜಿಲ್ಲಾಧಿಕಾರಿ. ಮಾಹಿತಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಸರದಿ ಉದ್ದ, ನಿಜ. ಹಾಗಂತ 'ಒಂದು ಅನಾಥ ಮಗು ಇದೆ, ಕೊಡಿಸ್ತೆ' ಅನ್ನೋರನ್ನು ನಂಬಬೇಡಿ. ನಿಯಮ ಮೀರಿ ಅಂಥ ಮಗು ಕೊಟ್ಟವರಿಗೂ ಪಡೆದವರಿಗೂ 3 ವರ್ಷದವರೆಗೆ ಜೈಲು ಆಗಬಹುದು.