ದೂರದ ಗಣಕವನ್ನು ನಡೆಸುವ ಬಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲು ಹಾಸಿಕೊಂಡಿರುವುದರಿಂದ, ಚಿಂಚೋಳಿಯವರೆಗೂ ಸಿಮೆಂಟ್ ಕಾರ್ಖಾನೆಗಳು ಎದ್ದಿವೆ. ಆ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟು ಸಿಮೆಂಟಿನ ಕಚ್ಚಾ ಗಟ್ಟಿಯಾದ ಕ್ಲಿಂಕರ್ ಮಾಡುವ ಕಿಲ್ನ್ ಎಂಬ ಕುಲುಮೆಯನ್ನು ನಡೆಸುವಾತನು ಇಂದು ಅದರ ಬಳಿ ನಿಂತಿರುವುದಿಲ್ಲ. ಕಂಟ್ರೋಲ್ ರೂಮಿನಲ್ಲಿ ಕುಳಿತು, ಜ್ವಾಲೆಯನ್ನೂ ಉಷ್ಣತೆಯನ್ನೂ ಪರದೆಯ ಮೇಲೆ ನೋಡುತ್ತ, ಇಂಧನವನ್ನು ಹೆಚ್ಚಿಸುವನು, ತಗ್ಗಿಸುವನು. ಕರ್ತೃವಿರುವ ಸ್ಥಳವೊಂದು, ಕಾರ್ಯ ನಡೆಯುವ ಸ್ಥಳ ಮತ್ತೊಂದು ಎಂಬ ಈ ವ್ಯವಸ್ಥೆಯು ಗಣಕಯಂತ್ರಕ್ಕೇ ಅನ್ವಯಿಸಿದಾಗ ರಿಮೋಟ್ ಡೆಸ್ಕ್‌ಟಾಪ್ ಎನಿಸುತ್ತದೆ.

ದೂರದ ಗಣಕವನ್ನು ಕುಳಿತಲ್ಲಿಂದಲೇ ನಡೆಸುವ ಹಂಬಲ ಹಳೆಯದು. 1940ರ ಸೆಪ್ಟೆಂಬರಿನಲ್ಲಿಯೇ ಜಾರ್ಜ್ ಸ್ಟಿಬಿಟ್ಜ್ ಎಂಬ ಗಣಿತಜ್ಞರು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಭೆಯಿಂದ ನ್ಯೂಯಾರ್ಕಿನಲ್ಲಿದ್ದ ಲೆಕ್ಕದ ಯಂತ್ರಕ್ಕೆ ತಂತಿಯ ಮೂಲಕ ಪ್ರಶ್ನೆ ಕಳುಹಿಸಿ ಉತ್ತರ ತರಿಸಿದ್ದರು. ಅಂದು ಬಂದದ್ದು ಅಂಕಿಗಳು ಮಾತ್ರ. ಇಂದು ಪರದೆಯೇ ಬರುತ್ತದೆ.

ಸೇಡಂನ ಅಂಗಡಿಯೊಂದರ ಲೆಕ್ಕದ ಗಣಕ ಮೊಂಡುಬಿದ್ದಿತೆನ್ನೋಣ. ಬೆಂಗಳೂರಿನಲ್ಲಿರುವ ಅಂಗಡಿಯವನ ಮಗ, ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶವನ್ನು ತೆರೆಸಿ, “ಅಪ್ಪಾ, ಸ್ಕ್ರೀನ್ ಮ್ಯಾಲೆ ಬಂದ ನಂಬರ್ ಹೇಳ್ರಿ” ಎನ್ನುತ್ತಾನೆ. ಎರಡು ಗಣಕಗಳೂ ಅಂತರ್ಜಾಲದ ಮಧ್ಯವರ್ತಿ ಸರ್ವರಿಗೆ ಕೈಚಾಚುತ್ತವೆ. ಆ ನಂಬರ್ ನೋಡಿ ಸರ್ವರು ಇವೆರಡನ್ನೂ ಜೋಡಿಸುತ್ತದೆ. ಬಳಿಕ ಮಗನ ಕಡೆಯಿಂದ ಹೊರಡುವುದು ಕೀಲಿಯ ಒತ್ತು ಹಾಗೂ ಮೌಸಿನ ಚಲನೆ. ತಂದೆಯ ಕಡೆಯಿಂದ ಬರುವುದು ಪರದೆಯ ಚಿತ್ರ. ಲೆಕ್ಕ ಮಾಡುವ ಕೆಲಸವೆಲ್ಲ ಸೇಡಂನಲ್ಲಿಯೇ ನಡೆಯುತ್ತದೆ.

ಚಿತ್ರವನ್ನು ಸಾಗಿಸುವುದೇ ಇಲ್ಲಿನ ನಿಜವಾದ ಕಷ್ಟ. 1920×1080 ಅಳತೆಯ ಪರದೆಯಲ್ಲಿ 20 ಲಕ್ಷಕ್ಕೂ ಮಿಕ್ಕ ಬಿಂದುಗಳಿದ್ದು, ಒಂದೊಂದರ ಬಣ್ಣಕ್ಕೆ 3 ಬೈಟಿನಂತೆ ಒಂದು ಚಿತ್ರಕ್ಕೆ 60 ಲಕ್ಷ ಬೈಟು ಮೀರುತ್ತದೆ. ಸೆಕೆಂಡಿಗೆ 30 ಚಿತ್ರಗಳನ್ನು ಹೀಗೆಯೇ ಕಳುಹಿಸಹೊರಟರೆ ತಾಲ್ಲೂಕು ಊರಿನ ಸಂಪರ್ಕವು ಕುಸಿದುಹೋದೀತು. ಆದುದರಿಂದ ತಂತ್ರಾಂಶವು ಹಿಂದಿನ ಚಿತ್ರದೊಡನೆ ಈಗಿನದನ್ನು ಹೋಲಿಸಿ, ಬದಲಾದ ಚೌಕಗಳನ್ನಷ್ಟೇ ಆಯ್ದು, ಸಂಕುಚಿತಗೊಳಿಸಿ, ಗೂಢಲಿಪಿಯಾಗಿಸಿ ಕಳುಹಿಸುತ್ತದೆ. ಈ ಮಿತವ್ಯಯವು ನನಗೆ ಅತ್ಯಂತ ಸುಂದರವಾಗಿ ತೋರುತ್ತದೆ. ದೂರವಂತೂ ದೊಡ್ಡ ತೊಡಕಲ್ಲ: ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 600 ಕಿಲೋಮೀಟರ್ ದಾರಿಗೆ ಸೆಕೆಂಡಿನ ಸಾವಿರ ಭಾಗಗಳಲ್ಲಿ 3 ಸಾಕು. ತಡವಾಗುವುದು ನಡುವಣ ಜೋಡಣೆಯ ಕೇಂದ್ರಗಳಲ್ಲಿ, ಮೊಬೈಲ್ ಟವರುಗಳಲ್ಲಿ.

ಆದರೆ ಪರದೆಯನ್ನು ಕೊಟ್ಟವನು ತನ್ನ ಕೈಯನ್ನೂ ಕೊಟ್ಟಿರುತ್ತಾನೆ. ಬ್ಯಾಂಕಿನವರೆಂದು ನಂಬಿಸಿ, ದೂರದಿಂದ ಪರದೆಯನ್ನು ನಡೆಸುವ ಎನಿಡೆಸ್ಕಿನಂತಹ ಆ್ಯಪ್ ಹಾಕಿಸಿ, ಖಾತೆ ಬರಿದು ಮಾಡುವ ವಂಚಕರ ವಿಷಯವಾಗಿ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ಇಂಥ ಬಲೆಗೆ ಬಿದ್ದ ಶಹಾಬಾದಿನ ನಿವೃತ್ತ ಕಾರ್ಮಿಕನೊಬ್ಬನು ಓಟಿಪಿಯನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಫೋನಿನ ಪರದೆಯ ಮೇಲೆ ಅದು ಮೂಡಿದೊಡನೆ ವಂಚಕನೂ ಓದಿಕೊಳ್ಳುತ್ತಾನೆ. ಅಪರಿಚಿತರು ಕರೆಮಾಡಿ ಕೇಳಿದ ನಂಬರನ್ನು ಹೇಳಲೇಕೂಡದು; ಹೇಳಿಬಿಟ್ಟಿದ್ದರೆ ಆ ಕ್ಷಣವೇ ಇಂಟರ್‌ನೆಟ್ ಕಡಿದು, ಬ್ಯಾಂಕಿಗೂ ಸೈಬರ್ ವಂಚನೆಯ 1930 ಸಹಾಯವಾಣಿಗೂ ತಿಳಿಸಬೇಕು.