ಸೆಕೆಂಡಿಗೆ ನಾಲ್ಕು ಗಡ್ಡೆ

ರಾಗಿಯನ್ನು ಕೂರಿಗೆಯ ಬಟ್ಟಲಿಗೆ ಹಿಡಿಹಿಡಿಯಾಗಿ ಬಿಡುತ್ತ ಹೋದರೆ ಸಾಕು, ಕಾಳು ಬಿದಿರ ಕೊಳವೆಯಲ್ಲಿ ಜಾರಿ ತಾನಾಗಿ ಸಾಲು ಸೇರುತ್ತದೆ. ಜೋಳ, ಕಡಲೆಯ ಕಥೆಯೂ ಅದೇ. ಆಲೂಗಡ್ಡೆ ಮಾತ್ರ ಜಾರುವ ಪೈಕಿಯದಲ್ಲ. ಒಂದು ದುಂಡಗೆ, ಇನ್ನೊಂದು ನೀಳ. ಒಂದು ಇಪ್ಪತ್ತು ಗ್ರಾಂ, ಪಕ್ಕದ್ದು ಎಂಬತ್ತು. ಮೈಮೇಲೆ ಮೊಳಕೆ ಬೇರೆ. ಸ್ವಲ್ಪ ಒರಟಾಗಿ ಮುಟ್ಟಿದರೂ ಮುರಿದು ಬೀಳುತ್ತದೆ. ಇಂಗ್ಲೆಂಡಿನ ಜೆತ್ರೋ ಟಲ್ ಕಾಳು ಬಿತ್ತುವ ಯಂತ್ರ ಮಾಡಿದ್ದು 1701ರಲ್ಲಿ. ಆಲೂಗಡ್ಡೆಗೆ ನೆಚ್ಚಬಹುದಾದ ಯಂತ್ರ ಬರಲು ಅಲ್ಲಿಂದ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಹಾಸನ ಸೀಮೆಯ ಹೊಲಗಳಲ್ಲಿ ಈ ಕೆಲಸ ಇವತ್ತಿಗೂ ಬಹುಮಟ್ಟಿಗೆ ಕೈಯದೇ. ಮುಂಗಾರಿಗೆ ಮುಂಚಿನ ಮಳೆ ಬಿದ್ದು ಹದ ಬಂದರೆ ನೇಗಿಲು ಸಾಲು ಹೊಡೆಯುತ್ತದೆ, ಹಿಂದೆ ಹೆಂಗಸರು ಮಡಿಲಿನಿಂದಲೋ ಬುಟ್ಟಿಯಿಂದಲೋ ಗಡ್ಡೆ ತೆಗೆದು ಗೇಣಿಗೊಂದರಂತೆ ಇಡುತ್ತ ಬರುತ್ತಾರೆ, ಮುಂದಿನ ಸಾಲಿನ ಮಣ್ಣು ಹಿಂದಿನದನ್ನು ಮುಚ್ಚುತ್ತದೆ. ನೋಡಲು ಸಲೀಸು. ಲೆಕ್ಕ ಹಾಕಿದರೆ ಬೆನ್ನು ನೋಯುತ್ತದೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಎಕರೆಯಲ್ಲಿ ಸುಮಾರು 6.7 ಕಿಲೋಮೀಟರ್ ಸಾಲು. ಗಡ್ಡೆಯಿಂದ ಗಡ್ಡೆಗೆ 20 ಸೆಂಟಿಮೀಟರ್ ಆದರೆ 33 ಸಾವಿರಕ್ಕೂ ಮೀರಿ ಗಡ್ಡೆ. ತಲಾ 35 ಗ್ರಾಂ ಹಿಡಿದರೂ ಹನ್ನೆರಡು ಕ್ವಿಂಟಲ್ ಹತ್ತಿರ. ಇಷ್ಟನ್ನೂ ಬಾಗಿ ಬಾಗಿ ಇಡಬೇಕು, ಮಣ್ಣಿನ ಹಸಿ ಆರುವ ಮೊದಲೇ ಮುಗಿಸಬೇಕು.

ಆ ಬಾಗುವ ಬೆನ್ನಿಗೆ ಬದಲಿ ಹುಡುಕಿದವರಲ್ಲಿ ಅಮೆರಿಕದವರು ಮುಂಚೂಣಿಯವರು. ಭೂಮಿ ವಿಸ್ತಾರ, ಆಳು ಕಡಿಮೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಲೂಯಿಸ್ ಆಸ್ಪಿನ್‌ವಾಲ್ ಎಂಬಾತ ಕುದುರೆ ಎಳೆಯುವ ಯಂತ್ರವೊಂದನ್ನು ಹದಕ್ಕೆ ತಂದು, ಮುಂದೆ ಮಿಷಿಗನ್ ರಾಜ್ಯದ ಜಾಕ್ಸನ್ನಿನಲ್ಲಿ ಕಾರ್ಖಾನೆಯನ್ನೇ ಇಟ್ಟ. ಅವನ ಉಪಾಯ ನಿರ್ದಯವಾದದ್ದು. ತಿರುಗುವ ಚಕ್ರದ ತೋಳುಗಳ ತುದಿಯಲ್ಲಿ ಸೂಜಿಮೊಳೆಗಳು. ತೋಳು ಗಡ್ಡೆಯ ರಾಶಿಯೊಳಗೆ ಹಾದು ಒಂದು ಹೋಳನ್ನು ಚುಚ್ಚಿಕೊಂಡು ಮೇಲೇರುತ್ತದೆ, ಸಾಲಿನ ಮೇಲೆ ಬಂದಾಗ ಉದುರಿಸುತ್ತದೆ. ಚುಚ್ಚುವ ಮೊಳೆಗೆ ಆಕಾರದ ಚಿಂತೆ ಇಲ್ಲ. ಹಾಗಾಗಿ ಗಡ್ಡೆಯನ್ನು ಹೋಳು ಮಾಡಿ ಬಿತ್ತುವ ಅಮೆರಿಕದ ರೈತರಿಗೆ ಅದು ಒಗ್ಗಿತು. ಆದರೆ ಕೊಳೆತ ಹೋಳೊಂದನ್ನು ಚುಚ್ಚಿದ ಮೊಳೆ ಮುಂದಿನ ನೂರಾರು ಹೋಳುಗಳನ್ನೂ ಚುಚ್ಚುತ್ತದಲ್ಲ? ರೋಗ ಹರಡಲು ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಬೇಕಿಲ್ಲ. ಉಂಗುರ ಕೊಳೆಯಂಥ ಬ್ಯಾಕ್ಟೀರಿಯಾ ರೋಗಕ್ಕೆ ಈ ಮೊಳೆಗಳು ಒಳ್ಳೆಯ ವಾಹನವಾದವು.

ಇನ್ನೊಂದು ಕೊರತೆ ರೈತನ ಕಣ್ಣಿಗೇ ಬೀಳುತ್ತಿತ್ತು. ಮೊಳೆ ಆಗಾಗ ಬರಿಗೈಯಲ್ಲಿ ಬರುತ್ತದೆ. ಅದು ಬರಿಗೈಯಲ್ಲಿ ಬಂದ ಕಡೆ ಗಿಡವಿಲ್ಲ, ಆದರೆ ಗೊಬ್ಬರ, ಉಳುಮೆ, ಕಳೆಯ ಖರ್ಚು ಅಷ್ಟೇ. ನ್ಯೂಜೆರ್ಸಿಯ ಗ್ರೆನ್ಲಾಕ್‌ನಲ್ಲಿದ್ದ ಬೇಟ್‌ಮನ್ ಕಂಪನಿ ‘ಐರನ್ ಏಜ್’ ಹೆಸರಿನಲ್ಲಿ ಮಾರಿದ ಯಂತ್ರ ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಹಿಂದೆ ಒಂದು ಸೀಟು, ಆ ಸೀಟಿನಲ್ಲಿ ಒಬ್ಬ ಹುಡುಗ. ಅವನ ಮುಂದೆ ಗುಳಿಗಳಿರುವ ತಟ್ಟೆ ಅಡ್ಡಲಾಗಿ ತಿರುಗುತ್ತದೆ. ಖಾಲಿ ಗುಳಿಗೆ ಒಂದು ಹೋಳು ಹಾಕುವುದು, ಎರಡು ಬಿದ್ದಲ್ಲಿ ಒಂದನ್ನು ತೆಗೆಯುವುದು, ಇಷ್ಟೇ ಅವನ ಕೆಲಸ. ಮುಂದಿನ ಬಹುಪಾಲು ಯಂತ್ರಗಳು ಆ ಹುಡುಗನನ್ನು ಸೀಟಿನಿಂದ ಇಳಿಸುವುದು ಹೇಗೆಂದು ನಡೆಸಿದ ಪ್ರಯತ್ನಗಳೇ.

ಅದಕ್ಕೂ ಮೊದಲು ಟ್ರ್ಯಾಕ್ಟರ್ ಬರಬೇಕಿತ್ತು. ಬರೀ ಬಂದರೆ ಸಾಲದು, ಸಲಕರಣೆಯನ್ನು ಬೆನ್ನಮೇಲೆ ಎತ್ತಿಕೊಳ್ಳುವುದನ್ನೂ ಕಲಿಯಬೇಕಿತ್ತು. ಅದುವರೆಗೆ ಯಂತ್ರಗಳು ತಮ್ಮದೇ ಗಾಲಿಗಳ ಮೇಲೆ ಹಿಂದೆ ಎಳೆಸಿಕೊಂಡು ಬರುತ್ತಿದ್ದವು, ತಿರುಗಿಸಲು ಹೊಲದ ತುದಿಯಲ್ಲಿ ದೊಡ್ಡ ಜಾಗ ಬೇಡುತ್ತಿದ್ದವು. ಐರ್ಲೆಂಡಿನ ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಜೋಡಣೆ, ಮುಂದೆ ಮೂರು ಕೊಂಡಿಯ ವ್ಯವಸ್ಥೆಯಾಗಿ 1936ರ ಫರ್ಗುಸನ್-ಬ್ರೌನ್ ಟ್ರ್ಯಾಕ್ಟರಿನಲ್ಲೂ 1939ರ ಫೋರ್ಡ್ ಟ್ರ್ಯಾಕ್ಟರಿನಲ್ಲೂ ಹೊಲಕ್ಕಿಳಿಯಿತು. ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್. ಲಿವರ್ ಎತ್ತಿದರೆ ಇಡೀ ಸಲಕರಣೆ ನೆಲ ಬಿಟ್ಟು ಮೇಲೇಳುತ್ತದೆ. ನಮ್ಮಂಥ ತುಂಡು ಹೊಲಗಳ ನಾಡಿಗೆ ಟ್ರ್ಯಾಕ್ಟರ್ ಉಪಯೋಗಕ್ಕೆ ಬಂದದ್ದೇ ಈ ಕೊಂಡಿಗಳಿಂದ ಎಂದರೆ ಹೆಚ್ಚಲ್ಲ. 1960ರಲ್ಲಿ ಚೆನ್ನೈನಲ್ಲಿ ಹುಟ್ಟಿದ ಟಾಫೆ ಕಂಪನಿಯ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರುಗಳ ಹೆಸರಿನ ಅರ್ಧಪಾಲು ಈ ಫರ್ಗುಸನ್ನನದೇ.

ಫರ್ಗುಸನ್ ಟ್ರ್ಯಾಕ್ಟರಿಗೆಂದು ಬಂದ ಆಲೂಗಡ್ಡೆ ಬಿತ್ತುವ ಜೋಡಣೆ ನನಗಂತೂ ಬಲು ಇಷ್ಟ. ಬೋದು ಏರಿಸುವ ರಿಜರಿನ ಮೇಲೆ ಎರಡು ಸೀಟು, ಎರಡು ಗಡ್ಡೆ ಪೆಟ್ಟಿಗೆ, ಎರಡು ಕೊಳವೆ, ಮತ್ತೆ ಒಂದು ಗಂಟೆ. ನೆಲದ ಮೇಲೆ ಉರುಳುವ ಗಾಲಿ ಇಂತಿಷ್ಟು ದೂರ ಸಾಗಿದಾಗಲೆಲ್ಲ ಗಂಟೆ ಟಣ್ಣೆನ್ನುತ್ತದೆ. ಕೂತವರು ಆ ಸದ್ದಿಗೆ ಒಂದೊಂದು ಗಡ್ಡೆಯನ್ನು ಕೊಳವೆಗೆ ಬಿಡುತ್ತಾರೆ. ಕೂರಿಗೆ ಹಿಡಿದ ನಮ್ಮ ಅಜ್ಜಿಯರಿಗೆ ಇದು ಒಂದಿಷ್ಟೂ ಹೊಸದೆನಿಸುತ್ತಿರಲಿಲ್ಲ. ಅವರ ತಾಳ ಎತ್ತಿನ ಹೆಜ್ಜೆಯದು, ಇದು ಗಂಟೆಯದು, ವ್ಯತ್ಯಾಸ ಅಷ್ಟೇ. ದೂರ ಅಳೆಯುವ ಕೆಲಸ ಯಂತ್ರದ್ದಾಯಿತು, ಬಿಡುವ ಕೆಲಸ ಕೈಯಲ್ಲೇ ಉಳಿಯಿತು.

ಕೈಗೆ ಒಂದು ಮಿತಿ ಇದೆ. ಎಷ್ಟೇ ಚುರುಕಿನವರಾದರೂ ಗಂಟೆಗಟ್ಟಲೆ ಸೆಕೆಂಡಿಗೊಂದು ಗಡ್ಡೆಯಂತೆ ಬಿಡುವುದೇ ಹೆಚ್ಚು. 20 ಸೆಂಟಿಮೀಟರ್ ಅಂತರಕ್ಕೆ ಅದನ್ನು ಹೊಂದಿಸಿದರೆ ಟ್ರ್ಯಾಕ್ಟರ್ ಗಂಟೆಗೆ ಒಂದು ಕಿಲೋಮೀಟರಿಗಿಂತಲೂ ನಿಧಾನ ಹೋಗಬೇಕು. ಅಷ್ಟು ನಿಧಾನ ಸಾಮಾನ್ಯ ಟ್ರ್ಯಾಕ್ಟರಿನ ಮೊದಲ ಗೇರಿಗೂ ಕಷ್ಟ. ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಓಡಿಸಬೇಕಾದರೆ ಪ್ರತಿ ಸಾಲಿಗೂ ನಿಮಿಷಕ್ಕೆ 250, ಅಂದರೆ ಸೆಕೆಂಡಿಗೆ ನಾಲ್ಕು ಗಡ್ಡೆ ಬೀಳಬೇಕು. ಮನುಷ್ಯರ ಕೈಯಲ್ಲಿ ಆಗದ್ದು.

ಯುರೋಪಿನಲ್ಲಿ ಬೆಳೆದು ಇವತ್ತು ಪಂಜಾಬಿನ ವರ್ಕ್‌ಶಾಪುಗಳಲ್ಲೂ ತಯಾರಾಗುವ ಬಟ್ಟಲು-ಬೆಲ್ಟಿನ ಯಂತ್ರ ಈ ಗಂಟನ್ನು ಬಿಡಿಸಿತು. ಅದರ ಚಮತ್ಕಾರವೆಲ್ಲ ಬೆಲ್ಟಿನ ಮೇಲ್ತುದಿಯಲ್ಲಿದೆ. ಗಡ್ಡೆ ಪೆಟ್ಟಿಗೆಯ ತಳದಿಂದ ನೆಟ್ಟಗೆ ಮೇಲೇರುವ ಬೆಲ್ಟು, ಅದಕ್ಕೆ ಸಾಲಾಗಿ ಕೂರಿಸಿದ ಪುಟ್ಟ ಬಟ್ಟಲುಗಳು. ಏರುವಾಗ ಬೆಲ್ಟನ್ನು ಸಣ್ಣಗೆ ಅಲುಗಿಸುವ ಒಂದು ಕಂಪಕ. ಬಟ್ಟಲಲ್ಲಿ ಎರಡು ಗಡ್ಡೆ ಕೂತಿದ್ದರೆ ಮೇಲಿನದು ಉರುಳಿ ಪೆಟ್ಟಿಗೆಗೇ ವಾಪಸು. ಮೇಲ್ತುದಿಯ ರಾಟೆಯನ್ನು ದಾಟಿ ಬಟ್ಟಲು ತಲೆಕೆಳಗಾದಾಗ ಗಡ್ಡೆ ನೆಲಕ್ಕೆ ಬೀಳುವುದಿಲ್ಲ, ತನ್ನ ಮುಂದಿನ ಬಟ್ಟಲಿನ ಬೆನ್ನ ಮೇಲೆ ಬಂದು ಕೂರುತ್ತದೆ. ಆ ಬೆನ್ನ ಮೇಲೇ, ಉದ್ದನೆಯ ಕೊಳವೆಯೊಳಗೆ, ನೆಲದ ಹತ್ತಿರದವರೆಗೂ ಸವಾರಿ. ಕೊಳವೆ ಮುಗಿಯುವಲ್ಲಿ ಸಾಲಿಗೆ ಇಳಿಯುತ್ತದೆ. ಎತ್ತರದಿಂದ ಬಿದ್ದರೆ ಗಡ್ಡೆ ಪುಟಿದು ಅತ್ತಿತ್ತ ಉರುಳುತ್ತಿತ್ತು. ಹೀಗೆ ಇಳಿದಾಗ ಬಿದ್ದಲ್ಲೇ ನಿಲ್ಲುತ್ತದೆ. ಹಿಂದೆಯೇ ಬರುವ ತಟ್ಟೆಗಳೋ ರಿಜರೋ ಮಣ್ಣೆಳೆದು ಬೋದು ಕಟ್ಟುತ್ತವೆ. ಜೊತೆಗಿರುವ ಪೆಟ್ಟಿಗೆ ಗೊಬ್ಬರವನ್ನು ಗಡ್ಡೆಗೆ ತಾಗದಂತೆ ಪಕ್ಕದಲ್ಲಿ ಸುರಿಯುತ್ತದೆ. ತಾಗಿದರೆ ಮೊಳಕೆ ಸುಡುತ್ತದೆ.

ಪಂಜಾಬ್ ಒಂದೇಟಿಗೆ ಇಲ್ಲಿಗೆ ಜಿಗಿದದ್ದಲ್ಲ. ಕೂತು ಗಡ್ಡೆ ತುಂಬುವ ಇಬ್ಬರಾಳಿನ ಅರೆಸ್ವಯಂಚಾಲಿತ ಯಂತ್ರಗಳೇ ಅಲ್ಲಿ ಮೊದಲು ಓಡಾಡಿದವು, ಬೆಲ್ಟಿನವು ಆಮೇಲೆ ಬಂದವು. 2020ರಲ್ಲಿ ಮಹೀಂದ್ರಾ ಕಂಪನಿ ಯುರೋಪಿನ ದೆವುಲ್ಫ್ ಜೊತೆ ಸೇರಿ ತನ್ನದೇ ಯಂತ್ರ ಬಿಟ್ಟದ್ದೂ ಪಂಜಾಬಿನ ರೈತರನ್ನು ಕಣ್ಣಮುಂದಿಟ್ಟುಕೊಂಡೇ. ಆದರೆ ಪಂಜಾಬಿಗೆ ಯಂತ್ರ ಒಗ್ಗಲು ಕಬ್ಬಿಣಕ್ಕಿಂತ ದೊಡ್ಡ ಕಾರಣ ಬಿತ್ತನೆ ಗಡ್ಡೆ. 1949ರಲ್ಲಿ ಪಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯಲ್ಲಿ ಪುಷ್ಕರನಾಥ್ ಒಂದು ದಾರಿ ತೋರಿಸಿದರು: ವೈರಸ್ ಹೊತ್ತು ತರುವ ಸಸ್ಯಹೇನುಗಳು ಕಡಿಮೆ ಇರುವ ಚಳಿಗಾಲದ ತಿಂಗಳುಗಳಲ್ಲಿ ಬಯಲುಸೀಮೆಯಲ್ಲೇ ಬಿತ್ತನೆ ಗಡ್ಡೆ ಬೆಳೆದು, ಹೇನು ಏರುವ ಮೊದಲೇ ಬಳ್ಳಿ ಕತ್ತರಿಸಿಬಿಡುವುದು. ಅದಕ್ಕೆ ಮುಂಚೆ ಬಿತ್ತನೆಗೆ ಬೆಟ್ಟದ ಗಡ್ಡೆಯನ್ನೇ ಕಾಯಬೇಕಿತ್ತು. ಈ ಪದ್ಧತಿ ಬಂದ ಮೇಲೆ ಪಂಜಾಬಿನ ಜಲಂಧರ್ ದೇಶದ ಬಿತ್ತನೆ ಗಡ್ಡೆಯ ಕಣಜವಾಯಿತು. ಗಾತ್ರ ವಿಂಗಡಿಸಿದ ಇಡೀ ಗಡ್ಡೆ ಮನೆಬಾಗಿಲಲ್ಲೇ ಇದ್ದವರಿಗೆ ಬಟ್ಟಲಿನ ಯಂತ್ರ ಸಲೀಸು.

ಯಂತ್ರದ ಷರತ್ತೇ ಅದು. ಬಟ್ಟಲಿಗೆ 30ರಿಂದ 50 ಗ್ರಾಮಿನ ಸುಮಾರು ಒಂದೇ ಅಳತೆಯ ದುಂಡು ಗಡ್ಡೆ ಬೇಕು. ಸಣ್ಣದಿದ್ದರೆ ಎರಡೆರಡು ಏರುತ್ತವೆ, ದೊಡ್ಡದಿದ್ದರೆ ಬಟ್ಟಲಲ್ಲಿ ನಿಲ್ಲದೆ ಉರುಳುತ್ತದೆ. ಹೋಳಿನ ಚಪ್ಪಟೆ ಮೈ ಬಟ್ಟಲಿಗೂ ಪಕ್ಕದ ಹೋಳಿಗೂ ಅಂಟಿಕೊಳ್ಳುತ್ತದೆ. ಮೊಳಕೆ ಗಿಡ್ಡಗೆ, ಗಟ್ಟಿಯಾಗಿ, ಒಂದು ಸೆಂಟಿಮೀಟರ್ ಮೀರದಂತಿರಬೇಕು. ಕತ್ತಲಲ್ಲಿ ಬೆಳ್ಳಗೆ ಉದ್ದ ಬೆಳೆದ ಮೊಳಕೆ ಪೆಟ್ಟಿಗೆಯಲ್ಲೇ ಉದುರಿ ಹೋಗುತ್ತದೆ. ಶೈತ್ಯಾಗಾರದಿಂದ ತಂದ ಗಡ್ಡೆಯನ್ನು ವಾರ-ಹತ್ತು ದಿನ ಮುಂಚೆಯೇ ಹೊರಗೆ ನೆರಳಿನ ಬೆಳಕಿನಲ್ಲಿ ಹರಡಬೇಕು ಎನ್ನುವುದು ಇದಕ್ಕಾಗಿಯೇ.

ಓಡಿಸುವವರ ಜಾಣತನ ಕಾಣುವುದು ಮೊದಲ ಸಾಲಿನಲ್ಲಿ. ಬೆಲ್ಟನ್ನು ತಿರುಗಿಸುವುದು ಟ್ರ್ಯಾಕ್ಟರಿನ ಎಂಜಿನ್ ಅಲ್ಲ, ನೆಲ ಮುಟ್ಟಿ ಉರುಳುವ ಯಂತ್ರದ ಗಾಲಿ. ಅಲ್ಲಿಂದ ಚೈನು, ಸ್ಪ್ರಾಕೆಟ್ ಮೂಲಕ ಬೆಲ್ಟಿಗೆ. ಆದ್ದರಿಂದ ಟ್ರ್ಯಾಕ್ಟರ್ ಬೇಗ ಹೋಗಲಿ, ನಿಧಾನ ಹೋಗಲಿ, ಅಂತರ ಒಂದೇ. ಅಂತರ ಬದಲಿಸಬೇಕಾದರೆ ಸ್ಪ್ರಾಕೆಟ್ ಬದಲಿಸಬೇಕು. ಆದರೆ ಗಾಲಿಗೆ ಜೇಡಿ ಮೆತ್ತಿಕೊಂಡರೆ ಸುತ್ತಳತೆ ಹಿಗ್ಗುತ್ತದೆ, ಸಡಿಲ ಮಣ್ಣಿನಲ್ಲಿ ಗಾಲಿ ಜಾರುತ್ತದೆ. ಎರಡರಲ್ಲೂ ಅಂತರ ಹೆಚ್ಚುತ್ತದೆ. ಸ್ಪ್ರಾಕೆಟಿನ ಪಟ್ಟಿಯಲ್ಲಿ ಬರೆದ ಅಂಕಿಯನ್ನು ನಂಬಿ ಕೂರುವಂತಿಲ್ಲ. ಮೊದಲ ಸಾಲು ಬಿಟ್ಟ ತಕ್ಷಣ ಇಳಿದು ಹತ್ತು ಮೀಟರ್ ಅಳೆದು ಮಣ್ಣು ಕೆದಕಿ ನೋಡಬೇಕು. 20 ಸೆಂಟಿಮೀಟರಿಗೆ ಕಟ್ಟಿದ್ದರೆ 50 ಗಡ್ಡೆ ಸಿಗಬೇಕು. 44 ಸಿಕ್ಕವು ಅಂದರೆ ಗಾಲಿ ಜಾರಿದೆಯೋ ಬಟ್ಟಲು ಖಾಲಿ ಬಂದಿದೆಯೋ ಎಂದು ತಿಳಿಯಲು ಅಂತರ ನೋಡಿದರೆ ಸಾಕು: ಎಲ್ಲ ಕಡೆ ಒಂದೇ ಸಮನೆ ದೂರವಾಗಿದ್ದರೆ ಜಾರಿದೆ, ಅಲ್ಲಲ್ಲಿ ಮೊಳದಷ್ಟು ಖಾಲಿ ಇದ್ದರೆ ಬಟ್ಟಲಿನ ತಪ್ಪು. ಆಳ, ಬೋದಿನ ಆಕಾರವನ್ನೂ ಅಲ್ಲೇ ನೋಡಿ ಟಾಪ್ ಲಿಂಕ್ ತಿರುಗಿಸಿಕೊಳ್ಳಬೇಕು.

ಇನ್ನು ಎರಡು ಅಭ್ಯಾಸಗಳನ್ನು ಕೈಗೆ ರೂಢಿಸಿಕೊಳ್ಳಲೇಬೇಕು. ಯಂತ್ರವನ್ನು ಟ್ರ್ಯಾಕ್ಟರ್ ನಿಂತಾಗ ನೆಲಕ್ಕೆ ಇಳಿಸಬಾರದು, ಮೆಲ್ಲಗೆ ಮುಂದೆ ಸಾಗುತ್ತಿರುವಾಗಲೇ ಇಳಿಸಬೇಕು. ಇಲ್ಲದಿದ್ದರೆ ಸಾಲು ತೆರೆಯುವ ಗುಳದ ಹಿಂಬದಿಗೆ ಮಣ್ಣು ಗಿಡಿದು ಕೊಳವೆ ಕಟ್ಟಿಕೊಳ್ಳುತ್ತದೆ. ಇಳಿಸಿದ ಮೇಲೆ ಹಿಂದಕ್ಕೆ ಹೋಗಲೇಬಾರದು. ಗುಳ ಮಣಿಯುತ್ತದೆ, ಬೆಲ್ಟು ಹಿಮ್ಮುಖವಾಗಿ ತಿರುಗುತ್ತದೆ. ಚೈನಿಗೆ ಕವರ್ ಇಲ್ಲದ ಯಂತ್ರಗಳು ಬಾಡಿಗೆಗೆ ಬರುತ್ತವೆ. ಮೇಲೆ ಕೂತು ಗಡ್ಡೆ ಸರಿಮಾಡುವವರ ಸೆರಗು, ಟವೆಲ್ಲಿನ ಗತಿ ಏನಾದೀತು ಎಂದು ಯಾರೂ ಹೇಳಬೇಕಿಲ್ಲ. ಕವರ್ ಹಾಕಿಸದೆ ಹೊಲಕ್ಕೆ ಬಿಟ್ಟುಕೊಳ್ಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಯಂತ್ರ ಹಾಳಾಗುವುದು ಓಡುವ ದಿನಗಳಿಗಿಂತ ನಿಂತ ತಿಂಗಳುಗಳಲ್ಲೇ ಹೆಚ್ಚು. ಕೊನೆಯ ಹೊಲ ಮುಗಿದ ಸಂಜೆ ಗೊಬ್ಬರದ ಪೆಟ್ಟಿಗೆಯಲ್ಲಿ ಎರಡು ಹಿಡಿ ಉಳಿದರೂ ಸಾಕು, ಮಳೆಗಾಲದ ತೇವ ಹೀರಿ ತಗಡನ್ನು ತಿಂದು ಮುಗಿಸುತ್ತದೆ. ಅಂದೇ ಖಾಲಿ ಮಾಡಿ ತೊಳೆದು ಒಣಗಿಸಬೇಕು. ಬೆಲ್ಟಿನ ಬಿಗಿ ಸಡಿಲಿಸಬೇಕು, ಒಡೆದ ಬಟ್ಟಲು ಬದಲಿಸಬೇಕು, ಗುಳಕ್ಕೆ ಹಳೆಯ ಎಂಜಿನ್ ಆಯಿಲ್ ಸವರಬೇಕು, ಬೇರಿಂಗಿಗೆ ಹೊಸ ಗ್ರೀಸ್ ತುಂಬಿ ಇಡಬೇಕು. ಪೆಟ್ಟಿಗೆಯ ತಳದಲ್ಲಿ ಉಳಿದ ಗಡ್ಡೆ ಕೊಳೆತರೆ ಮುಂದಿನ ವರ್ಷದ ಬಿತ್ತನೆಗೆ ರೋಗ ಕಾದು ಕೂತಿರುತ್ತದೆ.

ಹಾಸನಕ್ಕೆ ಮರಳುವುದಾದರೆ, ಇಲ್ಲಿಯ ತೊಡಕು ಟ್ರ್ಯಾಕ್ಟರಿನ ಕೊರತೆಯಲ್ಲ. ಮೇ ತಿಂಗಳಲ್ಲಿ ಜಲಂಧರದಿಂದ ಲಾರಿಗಟ್ಟಲೆ ಬರುವ ಗಡ್ಡೆ ದುಬಾರಿ, ಹಾಗಾಗಿ ದೊಡ್ಡವನ್ನು ಹೋಳು ಮಾಡಿ ಬಿತ್ತುವುದು ರೂಢಿ. ಬಟ್ಟಲಿನ ಯಂತ್ರಕ್ಕೆ ಅದು ಹಿಡಿಸದು. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೂ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯವೂ ಬೇರು ಬಂದ ಕುಡಿಗಳಿಂದ ಇಲ್ಲೇ ಬಿತ್ತನೆ ಗಡ್ಡೆ ಬೆಳೆಸುವ ಕ್ರಮವನ್ನು ಹಾಸನದ ರೈತರಿಗೆ ಕಲಿಸುತ್ತ ಬಂದಿವೆ. ಸಣ್ಣ, ಇಡೀ ಗಡ್ಡೆ ಊರಲ್ಲೇ ಸಿಗುವಂತಾದರೆ ಯಂತ್ರದ ಮಾತಿಗೆ ಅರ್ಥ ಬರುತ್ತದೆ. ಸಹಾಯಧನ ಕೊಡುವುದಾದರೆ ಬಿತ್ತುವ ಯಂತ್ರಕ್ಕಿಂತ ಮೊದಲು ಗಡ್ಡೆ ವಿಂಗಡಿಸುವ ಜರಡಿಗೆ ಕೊಡುವುದು ಒಳ್ಳೆಯದು.

ಬಾಡಿಗೆಯ ಮಾತು ಇನ್ನೂ ಕಗ್ಗಂಟು. ವರ್ಷಕ್ಕೆ ಕೆಲವೇ ದಿನ ಓಡುವ ಯಂತ್ರವನ್ನು ಎರಡೆಕರೆಯವರು ಕೊಳ್ಳಲಾರರು. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರವೇ ದಾರಿ. ಪಂಜಾಬಿನಲ್ಲಿ ನೀರಾವರಿ ಇದೆ, ಇಂದು ಇವರ ಹೊಲ, ನಾಲ್ಕು ದಿನ ಬಿಟ್ಟು ಪಕ್ಕದವರದು ಎಂದು ಸರದಿ ಹಾಕಬಹುದು. ಮಳೆಯನ್ನೇ ನೆಚ್ಚಿದ ಹಾಸನದ ಕೆಂಪು ಮಣ್ಣಿನಲ್ಲಿ ಹದ ಬರುವುದು ಇಡೀ ಹೋಬಳಿಗೆ ಒಂದೇ ವಾರ. ಆ ವಾರ ಎಲ್ಲರಿಗೂ ಯಂತ್ರ ಬೇಕು, ಮುಂದಿನ ವಾರ ಯಾರಿಗೂ ಬೇಡ. ಒಂದು ಹೋಬಳಿಗೆ ಎಷ್ಟು ಯಂತ್ರ, ಸರದಿ ಯಾರದು ಮೊದಲು ಎಂಬ ಲೆಕ್ಕವನ್ನು ಏಪ್ರಿಲಿನಲ್ಲೇ ಕೂತು ಮಾಡಿಟ್ಟುಕೊಳ್ಳದ ಕೇಂದ್ರದಲ್ಲಿ, ಮಳೆ ಬಿದ್ದ ಬೆಳಗ್ಗೆ ಜಗಳ ಬಿಟ್ಟರೆ ಬೇರೇನೂ ಬಾಡಿಗೆಗೆ ಸಿಗುವುದಿಲ್ಲ.