ಬೆಂಕಿಗೆ ಬೆನ್ನು ತೋರುವ ವಿದ್ಯೆ

1949ರ ಆಗಸ್ಟ್ 5ನೆಯ ದಿನ. ಅಮೆರಿಕದ ಮೊಂಟಾನಾ ಸಂಸ್ಥಾನದ ಮಿಸೂಲಾ ಪಟ್ಟಣದಿಂದ ಅಪರಾಹ್ನದ ಬಿಸಿಲಿನಲ್ಲಿ ವಿಮಾನವೊಂದು ಮೇಲೇರಿತು. ಮಿಸೌರಿ ನದಿಯ ದಂಡೆಯಲ್ಲಿರುವ ಮ್ಯಾನ್ ಗಲ್ಚ್ ಎಂಬ ಕಡಿದಾದ ಕಮರಿಯಲ್ಲಿ ಸಿಡಿಲು ಬಡಿದು ಕಾಡಿಗೆ ಕಿಚ್ಚು ತಗುಲಿತ್ತು. ರಸ್ತೆಯಿಲ್ಲದ ಆ ಎಡೆಯನ್ನು ಬೇಗ ಸೇರಬೇಕಾದರೆ ಆಕಾಶಮಾರ್ಗವೊಂದೇ ಗತಿ. ವಿಮಾನದಲ್ಲಿದ್ದವರು ‘ಸ್ಮೋಕ್‌ಜಂಪರ್’ಗಳು. ಪ್ಯಾರಾಷೂಟು ಕಟ್ಟಿಕೊಂಡು ಕಾಡ್ಗಿಚ್ಚಿನ ಸಮೀಪಕ್ಕೆ ಧುಮುಕಿ, ಅದು ಹಬ್ಬುವ ಮುನ್ನವೇ ಆರಿಸುವುದು ಅವರ ಕಾಯಕ. 1940ರಲ್ಲಿ ಆರಂಭವಾದ ಈ ಪಡೆಗೆ ಆಗಿನ್ನೂ ಒಂಬತ್ತೇ ವರ್ಷ. ಅದರಲ್ಲಿದ್ದವರೋ ಬಹುಮಟ್ಟಿಗೆ ಇಪ್ಪತ್ತರ ಆಸುಪಾಸಿನ ತರುಣರು. ಬೇಸಗೆಯ ರಜೆಯಲ್ಲಿ ದುಡಿಯಲು ಬಂದ ಕಾಲೇಜು ವಿದ್ಯಾರ್ಥಿಗಳು ಹಲವರು.

ಹದಿನೈದು ಮಂದಿ ಧುಮುಕಿದರು. ಅಲ್ಲಿ ಮೊದಲೇ ಒಂಟಿಯಾಗಿ ಬೆಂಕಿಯೊಡನೆ ಸೆಣಸುತ್ತಿದ್ದ ಅರಣ್ಯದ ಕಾವಲುಗಾರನೊಬ್ಬ ಅವರನ್ನು ಕೂಡಿಕೊಂಡ. ರೇಡಿಯೋ ಕಟ್ಟಿದ್ದ ಪ್ಯಾರಾಷೂಟು ಬಿಚ್ಚಿಕೊಳ್ಳದೆ, ಅದು ನೆಲಕ್ಕಪ್ಪಳಿಸಿ ಚೂರಾಯಿತು. ಆದರೂ ಯಾರಿಗೂ ಹೆಚ್ಚಿನ ಆತಂಕವಿರಲಿಲ್ಲ. ನದಿಯ ಕಡೆಗೆ ಇಳಿದುಹೋದರೆ ಬೆಂಕಿಯ ಹಿಂಬದಿಯನ್ನು ಸೇರಬಹುದು, ಅಪಾಯವೆನಿಸಿದರೆ ನೀರು ಹತ್ತಿರದಲ್ಲೇ ಇದೆ ಎಂಬುದು ನಾಯಕ ವ್ಯಾಗ್ನರ್ ಡಾಡ್ಜ್‌ನ ಲೆಕ್ಕಾಚಾರ. ಆದರೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಬೆಂಕಿ ಕಮರಿಯನ್ನು ದಾಟಿ, ಅವರಿಗೂ ನದಿಗೂ ನಡುವೆ ಬಂದು ನಿಂತಿತ್ತು!

ಡಾಡ್ಜ್ ಪಡೆಯನ್ನು ಹಿಂದಿರುಗಿಸಿದ. ಮುಂದೆ ಮೊಣಕಾಲು ಮುಚ್ಚುವ ಒಣಹುಲ್ಲಿನ ಏರು. ಹಿಂದೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡ ಜ್ವಾಲೆ. ಏರು ಹತ್ತುವಾಗ ಮನುಷ್ಯನಿಗೆ ಏದುಸಿರು ಬರುತ್ತದೆ; ಬೆಂಕಿಗೆ ಏರೇ ಸಲೀಸು. ಸಲಕರಣೆಗಳನ್ನು ಎಸೆಯುವಂತೆ ನಾಯಕ ಆಜ್ಞಾಪಿಸಿದ. ಕೆಲವರು ಎಸೆದರು, ಕೆಲವರು ಹಿಡಿದುಕೊಂಡೇ ಓಡಿದರು. ಬಳಿಕ ಡಾಡ್ಜ್ ಮಾಡಿದ ಕೆಲಸ ನೋಡಿದವರಿಗೆ ಅವನಿಗೆ ಬುದ್ಧಿಭ್ರಮಣೆಯಾಯಿತೇನೋ ಎನಿಸಿರಬೇಕು. ಅವನು ನಿಂತು, ಕಡ್ಡಿ ಗೀರಿ, ತನ್ನ ಮುಂದಿನ ಹುಲ್ಲಿಗೇ ಬೆಂಕಿಯಿಟ್ಟ. ಅದು ಉರಿದು ಕರಕಾದ ನೆಲದ ಮೇಲೆ ಬಂದು ಮಲಗಿರೆಂದು ಕೂಗಿ ಕರೆದ. ಒಬ್ಬನೂ ಬರಲಿಲ್ಲ.

ಡಾಡ್ಜ್ ಬೂದಿಯ ಮೇಲೆ ಬೋರಲಾಗಿ ಮಲಗಿ, ಒದ್ದೆಯ ಕರವಸ್ತ್ರದಿಂದ ಮೂಗು ಬಾಯಿ ಮುಚ್ಚಿಕೊಂಡ. ಮಹಾಜ್ವಾಲೆ ಅವನ ಇಕ್ಕೆಲಗಳಲ್ಲಿ ಹಾದುಹೋಯಿತು. ಅವನು ಎದ್ದು ನಿಂತ. ಇನ್ನಿಬ್ಬರು ಬೆಟ್ಟದ ನೆತ್ತಿಯ ಬಂಡೆಸಾಲಿನ ಬಿರುಕಿನಲ್ಲಿ ನುಸುಳಿ ಪಾರಾದರು. ಅವರಲ್ಲೊಬ್ಬನಿಗೆ ಹದಿನೇಳೇ ವರ್ಷ. ಉಳಿದ ಹದಿಮೂರು ಮಂದಿಯನ್ನು ಬೆಂಕಿ ಬಲಿ ತೆಗೆದುಕೊಂಡಿತು.

ಕಲಿಸದೆ ಉಳಿದ ಪಾಠ

ನಾಯಕ ಕರೆದಾಗ ಆ ತರುಣರು ಏಕೆ ಬರಲಿಲ್ಲ? ಅವರು ಹೇಡಿಗಳಲ್ಲ, ಅವಿಧೇಯರೂ ಅಲ್ಲ. ಕರೆದುದರ ಅರ್ಥ ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಸುಟ್ಟ ನೆಲವನ್ನು ಬೆಂಕಿ ಮತ್ತೆ ಸುಡಲಾರದು ಎಂಬುದು ಹುಲ್ಲುಗಾವಲಿನ ಜನರಿಗೆ ಹಿಂದಿನಿಂದಲೂ ಗೊತ್ತಿದ್ದ ಸಂಗತಿ. ಫೆನಿಮೋರ್ ಕೂಪರ್ 1827ರಲ್ಲಿ ಪ್ರಕಟಿಸಿದ ‘ದಿ ಪ್ರೇರಿ’ ಕಾದಂಬರಿಯಲ್ಲಿಯೂ ಅಂಥ ಸನ್ನಿವೇಶವೊಂದು ಬರುತ್ತದೆ. ಆದರೆ ಈ ಪಡೆಯ ತರಬೇತಿನಲ್ಲಿ ಅದು ಇರಲಿಲ್ಲ. ವಿಮಾನದಿಂದ ಧುಮುಕುವುದು, ಮೈಮುರಿಯದಂತೆ ನೆಲ ಮುಟ್ಟುವುದು, ಮರ ಕಡಿಯುವುದು, ನೆಲ ಅಗೆಯುವುದು, ಇವೆಲ್ಲ ಅವರಿಗೆ ಕರತಲಾಮಲಕ. ಸೋತಾಗ ಬದುಕುವುದು ಹೇಗೆಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಜ್ವಾಲೆ ಬೆನ್ನಟ್ಟಿ ಬರುವ ಗಳಿಗೆ ಹೊಸ ಪಾಠ ಕಲಿಯುವ ಗಳಿಗೆಯಲ್ಲ.

ಈ ಬಗೆಯ ದುರಂತಗಳ ಸರಣಿಯನ್ನು ಪರಿಶೀಲಿಸಿ, ಅಮೆರಿಕದ ಅರಣ್ಯ ಇಲಾಖೆ 1957ರಲ್ಲಿ ಹತ್ತು ಆಜ್ಞೆಗಳನ್ನು ರೂಪಿಸಿತು. ಹವೆಯ ಸಮಾಚಾರ ಸದಾ ತಿಳಿದಿರಲಿ. ಬೆಂಕಿ ಈಗ ಏನು ಮಾಡುತ್ತಿದೆ ಎಂಬುದನ್ನು ಅರಿತಿರಿ. ಪಾರಾಗುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕಾವಲಿಗೆ ಒಬ್ಬನನ್ನು ನಿಲ್ಲಿಸಿ. ಇವು ಅವುಗಳಲ್ಲಿ ಕೆಲವು. ಬೆಂಕಿಯೊಡನೆ ಹುರುಪಿನಿಂದ ಹೋರಾಡಿರಿ ಎಂಬ ಆಜ್ಞೆಯೂ ಉಂಟು. ಆದರೆ ಸುರಕ್ಷತೆಗೆ ಏರ್ಪಾಡು ಮಾಡಿದ ನಂತರವೇ ಎಂಬ ನಿಬಂಧನೆ ಅದಕ್ಕೆ ಅಂಟಿಕೊಂಡೇ ಇದೆ. 1960ರಲ್ಲಿ ಮಿಸೂಲಾದಲ್ಲಿಯೇ ಬೆಂಕಿಯ ಸ್ವಭಾವವನ್ನು ಅಭ್ಯಸಿಸುವ ಪ್ರಯೋಗಶಾಲೆಯೊಂದು ಆರಂಭವಾಯಿತು.

ಗುದ್ದಲಿಯ ಗುರುಕುಲ

ಈ ವೃತ್ತಿಯನ್ನು ಹಿಡಿಯಬಯಸುವ ವಿದ್ಯಾರ್ಥಿಗೆ ಇಂದು ಮೊದಲ ಪಾಠ ತರಗತಿಯಲ್ಲಿ. ಬೆಂಕಿಯ ನಡೆಯನ್ನು ನಿರ್ಧರಿಸುವವು ಮೂರು: ಉರಿಯುವ ವಸ್ತು, ಹವೆ, ನೆಲದ ಏರಿಳಿತ. ಹುಲ್ಲಿನ ಬೆಂಕಿ ಓಡುತ್ತದೆ, ದಿಮ್ಮಿಯ ಬೆಂಕಿ ಕೂತು ಉರಿಯುತ್ತದೆ. ಕಿರಿದಾದ ಕಮರಿ ಹೊಗೆಕೊಳವೆಯಂತೆ ಜ್ವಾಲೆಯನ್ನು ಮೇಲಕ್ಕೆಳೆಯುತ್ತದೆ. ಇಷ್ಟನ್ನು ಅರಿಯದವನ ಕೈಗೆ ಸಲಕರಣೆ ಕೊಡುವುದಿಲ್ಲ.

ಮುಂದಿನದು ಮೈಕಸುವಿನ ಪರೀಕ್ಷೆ. 45 ಪೌಂಡು, ಎಂದರೆ ಸುಮಾರು 20 ಕಿಲೋಗ್ರಾಂ ಭಾರವನ್ನು ಹೊತ್ತು 3 ಮೈಲಿಗಳನ್ನು 45 ನಿಮಿಷಗಳೊಳಗೆ ಕ್ರಮಿಸಬೇಕು. ಓಡುವಂತಿಲ್ಲ, ನಡೆಯಬೇಕು. ಗಂಡಿಗೂ ಹೆಣ್ಣಿಗೂ ಒಂದೇ ಅಳತೆ. ಪ್ಯಾರಾಷೂಟಿನ ಪಡೆಗೆ ಮೊದಲ ಮಹಿಳೆ ಸೇರಿದ್ದು 1981ರಲ್ಲಿ.

ಬಳಿಕ ನೆಲದ ಕೆಲಸ. ಕಾಡ್ಗಿಚ್ಚನ್ನು ಆರಿಸುವುದೆಂದರೆ ನೀರೆರಚುವುದೆಂದು ಬಹುಮಂದಿಯ ಭಾವನೆ. ನಿಜವಾಗಿ ಅಲ್ಲಿ ನೀರಿಗಿಂತ ಗುದ್ದಲಿಗೇ ಹೆಚ್ಚು ಕೆಲಸ. ತರಗೆಲೆ, ಬೇರು, ಹುಲ್ಲುಗಳನ್ನೆಲ್ಲ ಕೆತ್ತಿ, ಬರಿಯ ಮಣ್ಣು ಕಾಣುವಂತೆ ಒಂದು ಪಟ್ಟಿ ತೆಗೆಯಬೇಕು. ಉರಿಯಲು ಏನೂ ಸಿಗದೆ ಬೆಂಕಿ ಅಲ್ಲಿ ನಿಲ್ಲುತ್ತದೆ. ನಮ್ಮ ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಬೇಸಗೆಗೆ ಮುನ್ನ ತೆಗೆಯುವ ಬೆಂಕಿರೇಖೆಯ ತತ್ತ್ವವೂ ಇದೇ. ಬೆಂಕಿ ಆರಿದ ಮೇಲೂ ಬಿಡುವಿಲ್ಲ. ಬೂದಿಯ ಮೇಲೆ ಅಂಗೈಯ ಹಿಂಬದಿಯನ್ನು ಹಿಡಿದು, ಕಾವು ಉಳಿದಿದೆಯೇ ಎಂದು ತಡಕುತ್ತ ಹೋಗಬೇಕು. ಇಪ್ಪತ್ತು ಮಂದಿಯ ಪಡೆಗಳು ಹದಿನಾರು ಗಂಟೆಗಳ ಸರದಿಯಲ್ಲಿ ಹದಿನಾಲ್ಕು ದಿನಗಳವರೆಗೂ ಹೀಗೆ ದುಡಿಯುವುದುಂಟು.

ಈ ಕೆಲಸದ ಮುಖ್ಯ ಸಲಕರಣೆಗೆ ‘ಪುಲಾಸ್ಕಿ’ ಎಂದು ಹೆಸರು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. 1910ರಲ್ಲಿ ಐಡಹೋ ಸಂಸ್ಥಾನದ ಕಾಡುಗಳಲ್ಲಿ ಪ್ರಳಯಾಗ್ನಿ ಹೊತ್ತಿದಾಗ, ಎಡ್ವರ್ಡ್ ಪುಲಾಸ್ಕಿ ಎಂಬ ಅರಣ್ಯಾಧಿಕಾರಿ ತನ್ನ ಆಳುಗಳನ್ನು ಹಳೆಯ ಗಣಿಯೊಂದರ ಸುರಂಗಕ್ಕೆ ಕೊಂಡೊಯ್ದ. ಭಯದಿಂದ ಹೊರಗೆ ನುಗ್ಗಹೊರಟವರಿಗೆ ಬಾಗಿಲಲ್ಲಿ ಪಿಸ್ತೂಲು ತೋರಿಸಿ ತಡೆದು, ಹೆಚ್ಚಿನವರ ಪ್ರಾಣ ಉಳಿಸಿದ. ಬೆಂಕಿಯೊಡನೆ ಹೋರಾಡುವ ಆಯುಧ ಹೀಗೆ ಬೆಂಕಿಗೆ ಬೆನ್ನು ತೋರಿಸಿ ಗೆದ್ದವನ ಹೆಸರನ್ನೇ ಹೊತ್ತಿದೆ.

ಕೈಬಿಡುವ ಅಭ್ಯಾಸ

ಆದರೂ ಆಯುಧವನ್ನು ಕೈಬಿಡುವುದು ಸುಲಭವಲ್ಲ. 1994ರ ಜುಲೈ 6ರಂದು ಕೊಲೊರಾಡೋ ಸಂಸ್ಥಾನದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ಹದಿನಾಲ್ಕು ಮಂದಿ ಸತ್ತಾಗ, ಅವರಲ್ಲಿ ಕೆಲವರು ಹೊರೆಯನ್ನೂ ಸಲಕರಣೆಯನ್ನೂ ಇಳಿಸದೆಯೇ ಏರು ಹತ್ತಿದ್ದರೆಂಬುದು ಬೆಳಕಿಗೆ ಬಂತು. ಸಲಕರಣೆ ಕೈಯಲ್ಲಿರುವವರೆಗೆ ತಾನು ಯೋಧ. ಎಸೆದರೆ ಬರಿಯ ಪಲಾಯಿತ ಎಂಬ ಭಾವನೆ ಮನಸ್ಸಿನ ಆಳದಲ್ಲಿ ಬೇರುಬಿಟ್ಟಿರುತ್ತದೆ. ಬುದ್ಧಿ ‘ಬಿಡು’ ಎಂದರೂ ಕೈ ಬಿಡುವುದಿಲ್ಲ.

ಆದ್ದರಿಂದ ಬಿಡುವುದನ್ನೂ ಈಗ ಅಭ್ಯಾಸ ಮಾಡಿಸುತ್ತಾರೆ. ಹೊರೆ ಕಳಚಿ ಬಿಸುಟು, ಸೊಂಟದ ಚೀಲದಿಂದ ಲೋಹದ ತೆಳುಹಾಳೆಯ ಪುಟ್ಟ ಗುಡಾರವನ್ನು ಕ್ಷಣಗಳಲ್ಲಿ ಬಿಡಿಸಿ, ಅದರೊಳಗೆ ಬೋರಲಾಗಿ ಮಲಗುವುದನ್ನು ವಿದ್ಯಾರ್ಥಿ ಮತ್ತೆ ಮತ್ತೆ ಮಾಡಬೇಕು. ಇದು ವರ್ಷವರ್ಷವೂ ತಪ್ಪದ ಪಾಠ. ಆದರೆ ಗುಡಾರ ಕೊನೆಯ ಆಸರೆ ಮಾತ್ರ. ಅದನ್ನು ನಂಬಿ ಮುನ್ನುಗ್ಗಬಾರದೆಂದು ಗುರುಗಳು ಎಚ್ಚರಿಸುತ್ತಾರೆ. 2013ರ ಜೂನ್ 30ರಂದು ಅರಿಜೋನಾದ ಯಾರ್ನೆಲ್ ಬೆಟ್ಟದ ಬಳಿ ಒಂದೇ ಪಡೆಯ ಹತ್ತೊಂಬತ್ತು ಮಂದಿ ಗುಡಾರಗಳನ್ನು ಬಿಡಿಸಿಯೂ ಉಳಿಯಲಿಲ್ಲ. ಪಡೆಯ ಇಪ್ಪತ್ತನೆಯವನು ಬದುಕಿದ. ಅವನು ಬೇರೆಡೆ ಕಾವಲಿಗೆ ನಿಂತಿದ್ದವನು.

ಕಲಿಯುವವನ ಜೇಬಿನಲ್ಲಿ ಸದಾ ಇರುವ ಕೈಪಿಡಿಯಲ್ಲಿ ಒಂದು ಅಪರೂಪದ ಭಾಗವುಂಟು. ಒಪ್ಪಿಸಿದ ಕೆಲಸ ಅಪಾಯಕರವೆಂದು ಕಂಡರೆ ಅದನ್ನು ನಿರಾಕರಿಸುವುದು ಹೇಗೆ ಎಂಬುದೇ ಅದರ ವಿಷಯ. ಬರಿದೆ ‘ಒಲ್ಲೆ’ ಎಂದರೆ ಸಾಲದು. ಯಾವ ಏರ್ಪಾಡು ಇಲ್ಲ, ಅದು ಏಕೆ ಬೇಕು, ಬದಲಿಗೆ ಏನು ಮಾಡಬಹುದು ಎಂಬುದನ್ನು ನಾಯಕನಿಗೆ ವಿವರಿಸಬೇಕು. ಆ ಕೆಲಸವನ್ನು ಇನ್ನೊಂದು ಪಡೆಗೆ ವಹಿಸುವುದಾದರೆ, ಒಮ್ಮೆ ನಿರಾಕರಣೆಯಾದ ಸಂಗತಿಯನ್ನು ಆ ಪಡೆಗೂ ತಿಳಿಸಬೇಕು. ನಾಯಕನ ಕರೆಗೆ ಓಗೊಡದೆ ಹದಿಮೂರು ಮಂದಿ ಮಡಿದ ವೃತ್ತಿಯಲ್ಲಿ, ನಾಯಕನಿಗೆ ಎದುರಾಡುವ ಕ್ರಮವೂ ಒಂದು ಪಾಠವಾಗಿರುವುದು ಸೋಜಿಗವಾಗಿ ಕಾಣಬಹುದು. ಆದರೆ ಎರಡರ ಮೂಲವೂ ಒಂದೇ: ಹೇಳುವವನಿಗೂ ಕೇಳುವವನಿಗೂ ಬೆಂಕಿಯ ತಿಳಿವಳಿಕೆ ಸಮನಾಗಿರಬೇಕು.

ಮ್ಯಾನ್ ಗಲ್ಚ್‌ನ ಏರಿನಲ್ಲಿ ಸತ್ತವರು ಬಿದ್ದ ಎಡೆಗಳಲ್ಲಿ ಸ್ಮಾರಕಗಳನ್ನು ನೆಟ್ಟಿದ್ದಾರೆ. ಈ ವೃತ್ತಿಯವರನ್ನು ಪಾಠಕ್ಕಾಗಿ ಅಲ್ಲಿಗೆ ಕರೆದೊಯ್ಯುವುದುಂಟು. ಒಣಹುಲ್ಲಿನ ನಡುವೆ ಏದುಸಿರು ಬಿಡುತ್ತ ಏರುವ ತರುಣನಿಗೆ ಆ ಸ್ಮಾರಕಗಳು ಒಂದೊಂದಾಗಿ ಎದುರಾಗುತ್ತವೆ. ಸತ್ತವರನ್ನು ಹಳಿಯುವುದು ಈ ಪಾಠದ ಉದ್ದೇಶವಲ್ಲ. ಆ ಹೊತ್ತಿಗೆ ಅವರಿಗೆ ಏನು ಕಾಣುತ್ತಿತ್ತು, ಏನು ತಿಳಿದಿತ್ತು, ಅದೇ ಜಾಗದಲ್ಲಿ ನೀನಿದ್ದರೆ ಯಾವಾಗ ಹಿಂದಿರುಗುತ್ತಿದ್ದೆ ಎಂಬುದೇ ಅಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಅವನಿಗೆ ಬೇಕಾದಷ್ಟು ಸಮಯವಿದೆ. ಆ ಹದಿಮೂರು ಮಂದಿಗೆ ಇಲ್ಲದೆ ಹೋದದ್ದು ಅದೇ.